ಕೊಲೆ ಇರಲಿ, ಬೆನ್ನು ತೆಗಿ

ಗುಬ್ಬಿ: ಕೊಲೆ ಇರಲಿ ಕಣೆ. ಕೊಲೆ ಬಗ್ಗೆ ನಂದೇನೂ ತಕರಾರಿಲ್ಲ. ಬೆನ್ನು ಮಾತ್ರ ತೆಗಿ.

ಕಡ್ಡಿ: ಬೆನ್ನು ತೆಗೆದ್ರೆ ಕಾದಂಬರಿ ಎದ್ದು ನಿಲ್ಲಲ್ಲ.

ಗುಬ್ಬಿ: ಬೆನ್ನು ತೆಗೀದಿದ್ರೆ ನಾನು ಎದ್ದು ನಿಲ್ಲಬೇಕಾಗುತ್ತೆ! ನಾಳೆಯಿಂದ್ಲೇ!

ಕಿರುಚಬೇಕಾದ ಈ ಮಾತನ್ನು ಗುಬ್ಬಿ ಪಿಸುಗುಟ್ಟಿದಳು. ಒಳಗೆ ಅವಳ ಗಂಡ ಬಟ್ಟೆ ಹಿಂಡುತ್ತಿದ್ದ. ಅವಳು ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದಳು. ಎದುರು ಕುರ್ಚಿಯಲ್ಲಿ ಹಾಸ್ಟೆಲ್ ಕಾಲದ ಗೆಳತಿ ಕಡ್ಡಿ. ಹೆಸರುಗಳೂ ಹಾಸ್ಟೆಲಿನವೇ. ಈಗ ಕಡ್ಡಿ ಬಾಗಿಲಲ್ಲಿ ಅಡ್ಡ ತಿರುಗಿ ಬರಬೇಕು, ಗುಬ್ಬಿ ಬಾಯಿ ತೆಗೆದರೆ ಕಾಗೆ ಹಾರಿಹೋಗಬೇಕು. ಹೆಸರು ಮಾತ್ರ ಹಾಗೇ ಉಳಿದಿವೆ.

ಕಡ್ಡಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತ ಪತ್ತೇದಾರಿ ಕಾದಂಬರಿ ಬರೆಯುವವಳು. ಹೊಸದು ನಾಳೆ ಅಚ್ಚಿಗೆ ಹೋಗಬೇಕು; ಅದರ ಕೈಬರಹದ ಪ್ರತಿಯನ್ನು ವಾರದ ಹಿಂದೆಯೇ ಗುಬ್ಬಿಗೆ ಓದಲು ಕೊಟ್ಟಿದ್ದಳು. ಅದರಲ್ಲಿ ಒಂದು ಅಧ್ಯಾಯ 'ಆಗ', ಇನ್ನೊಂದು 'ಈಗ'. 'ಆಗ' ಇಬ್ಬರು ಹುಡುಗಿಯರು ವಾರ್ಡನ್‌ಳನ್ನು ಕೊಂದು ಟ್ರಂಕಿನಲ್ಲಿಟ್ಟು ಹೂಳುತ್ತಾರೆ. 'ಈಗ' ಆ ಟ್ರಂಕು ಜಾಗ ಬದಲಿಸಿದೆ. ಎತ್ತಿದವರು ಯಾರು? ಇಬ್ಬರಲ್ಲೊಬ್ಬಳು ಬೆನ್ನು ನೋವಿನಿಂದ ಹಾಸಿಗೆ ಹಿಡಿದವಳು, ಅವಳ ಮೇಲೆ ಪೊಲೀಸರಿಗೆ ಅನುಮಾನವೇ ಇಲ್ಲ. ಕೊನೆಯ ಅಧ್ಯಾಯದಲ್ಲಿ ನೋಡಿದರೆ ಅವಳ ಬೆನ್ನು ಕಬ್ಬಿಣ.

ವಾರ್ಡನ್ ಕೊಲೆ ಕಟ್ಟುಕತೆ. ಬೆನ್ನು ಮಾತ್ರ ಗುಬ್ಬಿಯದು. ಎರಡನೇ ಹೆರಿಗೆ ಆದಾಗ ಒಂದು ತಿಂಗಳು ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಗಂಡ ಬಕೆಟ್ ಎತ್ತಲು ಶುರು ಮಾಡಿದ. ತಿಂಗಳು ಮುಗಿಯಿತು, ನೋವೂ ಹೋಯಿತು. ಹೋಯಿತೆಂದು ಹೇಳುವುದನ್ನು ಗುಬ್ಬಿ ಮರೆತಳು. ಈಗ ಆ ಮಗು ಕಾಲೇಜಿಗೆ ಹೋಗುತ್ತಿದೆ.

ಗುಬ್ಬಿ: ಇವರು ಓದಿದ್ರೆ ಏನಾಗುತ್ತೆ ಗೊತ್ತಾ? ಒದ್ದೆ ಬೆಡ್‌ಶೀಟು, ನೀರಿನ ಬಕೆಟ್ಟು, ಗ್ಯಾಸ್ ಸಿಲಿಂಡರು, ಎಲ್ಲ ಸಾಲಾಗಿ ನನ್ನ ಕಡೆ ಬರ್ತವೆ.

ಕಡ್ಡಿ: ಅವೆಲ್ಲ ನಮ್ಮನೇಲಿ ನನ್ನ ಹತ್ರಾನೇ ಇವೆ. ನಾನೇನು ಸತ್ತಿದೀನಾ?

ಗುಬ್ಬಿ: ಅದಕ್ಕೇ ನಿನ್ನ ಕಾದಂಬರೀಲಿ ಅಷ್ಟು ಜನ ಸಾಯ್ತಾರೆ.

ಕಡ್ಡಿ: ಬೆನ್ನು ನೋವು ಯಾವ ಹೆಂಗಸಿಗಿಲ್ಲ? ಅದು ನೀನೇ ಅಂತ ಯಾರು ಹೇಳ್ತಾರೆ?

ಗುಬ್ಬಿ: ಅವಳ ಎಡಗೆನ್ನೇಲಿ ಮಚ್ಚೆ ಇಟ್ಟಿದೀಯ!

ಕಡ್ಡಿ: ಬಲಗೆನ್ನೆಗೆ ಹಾಕ್ತೀನಿ.

ಗುಬ್ಬಿ: ಏಳೋವಾಗ 'ಅಯ್ಯಮ್ಮಾ' ಅಂತಾಳೆ!

ಕಡ್ಡಿ: 'ಅಯ್ಯಪ್ಪಾ' ಅನ್ನಿಸ್ತೀನಿ.

ಗುಬ್ಬಿ: ಗೆಳತಿ ಮನೆ ಬದಲಾಯಿಸಿದಾಗ ಕಬ್ಬಿಣದ ಬೀರು ಒಬ್ಬಳೇ ತಳ್ತಾಳೆ! ಅದು ನಿನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ.

ಕಡ್ಡಿ: ನೀನು ತಳ್ಳಲಿಲ್ಲ, ಎತ್ತಿದೆ. 'ತಳ್ಳಿದ್ರೆ ನೆಲಕ್ಕೆ ಗೀರು ಬೀಳುತ್ತೆ' ಅಂತ ನನಗೇ ಬುದ್ಧಿ ಬೇರೆ ಹೇಳಿದೆ.

ಗುಬ್ಬಿ ದಿಂಬು ಸರಿಸಿ ಮುಂದಕ್ಕೆ ಬಾಗಿದಳು. ಬಾಗಿದ್ದು ಸ್ವಲ್ಪ ಹೆಚ್ಚೇ ಸಲೀಸಾಯಿತೆನಿಸಿ, ಬಾಗಿಲ ಕಡೆ ಕಣ್ಣು ಹಾಯಿಸಿದಳು.

ಗುಬ್ಬಿ: ನಿಜ ಹೇಳೇ. ಹೊಟ್ಟೆಕಿಚ್ಚಿಗೆ ಬರೆದೆ ತಾನೆ?

ಕಡ್ಡಿ: ಹೂಂ ಕಣೆ. ಒಂದು ಪುಟ ಬರೆಯೋದ್ರೊಳಗೆ ಹತ್ತು ಸಲ ಏಳ್ತೀನಿ. ಎದ್ರೆ, 'ಹೇಗೂ ಎದ್ದಿದೀಯಲ್ಲ' ಅಂತ ನಮ್ಮನೆಯವರು ಇನ್ನೊಂದು ಕೆಲಸ ಹೇಳ್ತಾರೆ. ಇಲ್ಲಿ ಬಂದ್ರೆ ನೀನು ದಿಂಬಿಗೆ ಒರಗ್ಕೊಂಡು ನನ್ನ ಪುಸ್ತಕಾನೇ ಓದ್ತಿರ್ತೀಯ. ಉರಿಯಲ್ವಾ?

ಗುಬ್ಬಿ: ನೀನು ಬರೆದಿದ್ದನ್ನೆಲ್ಲ ಮೊದಲು ಓದೋಳು ನಾನು. ಈ ಕೈಗೆ ಬಕೆಟ್ ಕೊಡಿಸಿದ್ರೆ ನಿನ್ನ ಪುಸ್ತಕ ಯಾವ ಕೈಲಿ ಹಿಡೀಲಿ?

ಕಡ್ಡಿ ಸ್ವಲ್ಪ ಕರಗಿದ್ದು ಕಂಡು ಗುಬ್ಬಿ ಹತ್ತಿರ ಸರಿದಳು.

ಗುಬ್ಬಿ: ಬೆನ್ನಿನ ಬದ್ಲು ಅವಳಿಗೆ ನೆಗಡಿ ಹಾಕು.

ಕಡ್ಡಿ: ನೆಗಡಿ ಆದೋಳು ಟ್ರಂಕ್ ಎತ್ತಲ್ಲ ಅಂತ ಯಾರು ನಂಬ್ತಾರೆ?

ಗುಬ್ಬಿ: ನಮ್ಮನೆಯವರು ನಂಬ್ತಾರೆ. ಅವರು ಏನು ಬೇಕಾದ್ರೂ ನಂಬ್ತಾರೆ.

ಗಂಡ: ಏನು ನಂಬ್ತೀನಿ?

ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಅವನು ಬಾಗಿಲಲ್ಲಿ ನಿಂತಿದ್ದ. ಗುಬ್ಬಿಯ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ಗುಬ್ಬಿ: ಅಯ್ಯಮ್ಮಾ...

ಗಂಡ: ಇರಲಿ, ಒರಗ್ಕೋ. ಮೇಡಂ, ನಿಮ್ಮ ಕಾದಂಬರಿ ಓದಿದೆ. ವಾರದಿಂದ ಊಟದ ಟೇಬಲ್ ಮೇಲಿತ್ತಲ್ಲ, ಅಡುಗೆ ಬೇಯೋವಾಗೆಲ್ಲ ಸ್ವಲ್ಪ ಸ್ವಲ್ಪ ಓದ್ಕೊಂಡೆ.

ಗುಬ್ಬಿ: ಕೊನೇ ಅಧ್ಯಾಯ?

ಗಂಡ: ಅದನ್ನ ಎರಡು ಸಲ.

ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗುಬ್ಬಿ ತನ್ನ ಮೆತ್ತನೆಯ ದಿಂಬುಗಳನ್ನು, ಊರು ಬಿಟ್ಟು ಹೋಗುವವರು ಮನೆಯನ್ನು ನೋಡುವಂತೆ ನೋಡಿದಳು.

ಗಂಡ: ಒಂದೇ ಒಂದು ತಪ್ಪಾಗಿದೆ. ಅದರಲ್ಲಿರೋ ಗಂಡನ್ನ ತೀರಾ ಪೆದ್ದ ಮಾಡಿದ್ದೀರಿ. ಅದೆಷ್ಟು ವರ್ಷ ಒಂದೇ ಮನೇಲಿದ್ದು ಗೊತ್ತಾಗಲ್ವಾ? ನನಗೆ ಗೊತ್ತಾಗ್ಲಿಲ್ವಾ?

ಗುಬ್ಬಿ: ಏನು ಗೊತ್ತಾಯ್ತು?

ಗಂಡ: ಚಿಕ್ಕೋನು ಇನ್ನೂ ಅಂಬೆಗಾಲಿಡ್ತಿದ್ದ. ಒಂದಿನ ಬೇಗ ಬಂದೆ. ನೀನು ಒಂದು ಕೈಲಿ ಈ ಮಂಚ ಎತ್ತಿ ಹಿಡ್ಕೊಂಡು ಇನ್ನೊಂದು ಕೈಲಿ ಕಿವಿ ಓಲೆ ಹುಡುಕ್ತಿದ್ದೆ. ನಾನು ಸದ್ದಿಲ್ಲದೆ ಹೊರಗೆ ಹೋಗಿ ಬೆಲ್ ಹೊಡೆದೆ.

ಕಡ್ಡಿ: ಮತ್ತೆ ಸುಮ್ಮನಿದ್ರಲ್ಲ?

ಗಂಡ: ಆಫೀಸಲ್ಲಿ ಇವಳ ಬೆನ್ನು ತೋರಿಸಿ ಮೂರು ಸಲ ವರ್ಗ ತಪ್ಪಿಸ್ಕೊಂಡಿದೀನಿ ಮೇಡಂ. ದಿನಾ ಎಲ್ಲರಿಗಿಂತ ಮುಂಚೆ ಅಲ್ಲಿಂದ ಮನೆಗೆ ಹೊರಡ್ತೀನಿ. ನಮ್ಮ ಸಾಹೇಬರ ಹೆಂಡ್ತಿ ನಿಮ್ಮ ಪುಸ್ತಕ ಒಂದೂ ಬಿಡಲ್ಲ. ದಯವಿಟ್ಟು ಆ ನೋವು ನಿಜಾನೇ ಅಂತ ಬರೆದುಬಿಡಿ.

ಕಡ್ಡಿಗೆ ನಗು ಒತ್ತರಿಸಿ ಬಂತು. ಗುಬ್ಬಿಗೆ ಸಮಾಧಾನವಾಗಬೇಕಿತ್ತು, ಬದಲಿಗೆ ಕೆನ್ನೆ ಕೆಂಪಗಾಯಿತು.

ಗುಬ್ಬಿ: ಅಂದ್ರೆ ಇಷ್ಟು ವರ್ಷ ಗೊತ್ತಿದ್ದೂ ನೋಡ್ತಾ ಕೂತಿದ್ರಾ? ತಂಗಿ ಮದುವೇಲಿ ಎಲ್ಲರೂ ಕುಣಿದ್ರು, ನಾನು ಮೂಲೇಲಿ ದಿಂಬು ಇಟ್ಕೊಂಡು ಕೂತೆ! ನನ್ನ ಮಗೂನ ನೀವಿದ್ದಾಗ ಒಂದಿನಾನೂ ಎತ್ತಿಕೊಳ್ಳಲಿಲ್ಲ! ಕದ್ದು ಎತ್ಕೊಳ್ತಿದ್ದೆ, ಕದ್ದು!

ಗಂಡ: ನೀನು ಒಂದು ಮಾತು ಹೇಳಿದ್ರೆ...

ಗುಬ್ಬಿ: ಹೇಳಿದ್ರೆ ಬಕೆಟ್ ಎತ್ತಿರ್ತಿದ್ರಾ?

ಗಂಡ ಯೋಚಿಸಿದ. ಯೋಚಿಸಬಾರದಿತ್ತು.

ಗುಬ್ಬಿ: ಕಡ್ಡಿ, ಅಚ್ಚು ಹಾಕಿಸೇ. ಒಂದಕ್ಷರ ತೆಗೀಬೇಡ.

ಗಂಡ: ನನಗೆ ವರ್ಗ ಆಗುತ್ತೆ!

ಗುಬ್ಬಿ: ಆಗಲಿ. ಆ ಊರಲ್ಲೂ ಬಿಸಿಲಿರುತ್ತೆ, ಬಟ್ಟೆ ಒಣಗುತ್ತೆ.

'ಅಯ್ಯಮ್ಮಾ' ಎನ್ನದೆ ಅವಳು ಮಂಚದಿಂದ ಇಳಿದಳು. ನೆಟ್ಟಗೆ ನಿಂತಾಗ ಅವಳು ಗಂಡನಿಗಿಂತ ಎರಡು ಬೆರಳು ಎತ್ತರವಿದ್ದಳು. ಅವನು ಅದನ್ನು ಮರೆತೇಬಿಟ್ಟಿದ್ದ. ಆದರೂ ಸಮಯ ನೋಡಿ ಬುಟ್ಟಿಯನ್ನು ಮುಂದೆ ಚಾಚಿದ.

ಗಂಡ: ಸರಿ ಹಾಗಾದ್ರೆ. ಇನ್ಮೇಲೆ ನಾಟಕ ಬೇಡ. ತಗೋ, ಮಹಡಿಗೆ ಒಯ್ದು ಹರವಿ ಬಾ.

ಗುಬ್ಬಿ: ಒಯ್ಯಲ್ಲ.

ಗಂಡ: ಯಾಕೆ? ಬೆನ್ನು ನೋವಿಲ್ವಲ್ಲ?

ಗುಬ್ಬಿ: ಇಲ್ಲ. ಬೆನ್ನು ನೋವಿಲ್ಲ, ಕೈ ನೋವಿಲ್ಲ, ಕಾಲು ನೋವಿಲ್ಲ. ಒಯ್ಯಲ್ಲ.

ಗಂಡ ಬುಟ್ಟಿ ಹಿಡಿದು ನಿಂತ. ದಿಕ್ಕು ತೋಚದೆ ಕಾದಂಬರಿಕಾರ್ತಿಯ ಮುಖ ನೋಡಿದ.

ಕಡ್ಡಿ: ನನ್ನ ಯಾಕೆ ನೋಡ್ತೀರಿ? ಇದನ್ನ ನಾನು ಬರೆದಿಲ್ಲ.