ಹತ್ತು ಲಕ್ಷದ ಮೂರು

ಗಣಿತ ಕಲಿಸುವವರ ಬಾಳಿನಲ್ಲಿ ನಗೆಗೆ ಬರವಿಲ್ಲ. ನಗುವವರು ಮಾತ್ರ ಸದಾ ಬೇರೆಯವರು. ಎಂಬತ್ತರ ದಶಕದಲ್ಲಿ ನಾನು ಗಣಿತದ ಅಕ್ಕೋರಾಗಿ ಮೊರಬದ ಶಾಲೆಗೆ ಬಂದು ಒಂದು ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದೆ. ಶಾಲೆ ಬಿಟ್ಟ ಮೇಲೆ ಮಾತಾಡಲು ಯಾರೂ ಇರಲಿಲ್ಲ. ಬೇಸರ ಕಳೆಯಲು ಒಂದು ದೊಡ್ಡ ಸಂಖ್ಯೆ ಹಿಡಿದೆ: ೧೦,೦೦,೦೦೩. ಅದು ಅವಿಭಾಜ್ಯವೇ, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದರಿಂದಲೂ ಭಾಗ ಹೋಗದ ಸಂಖ್ಯೆಯೇ ಎಂದು ನೋಡಬೇಕಿತ್ತು. ಅದರ ಹಿಂದಿನ ಬೆಸ ಸಂಖ್ಯೆ ಹತ್ತು ಲಕ್ಷದ ಒಂದು, ನೂರಾ ಒಂದರಿಂದಲೇ ಭಾಗ ಹೋಗಿತ್ತು. ಇದು ಜಗ್ಗಲೊಲ್ಲದು.

ಜಪ

ಕಟ್ಟೆಯ ಮೇಲೆ ಪಾಟಿ ಹಿಡಿದು ಬಾಯಲ್ಲೇ ಲೆಕ್ಕ ಹೇಳಿಕೊಳ್ಳುತ್ತಿದ್ದೆ. ಮನೆಯೊಡತಿ ಅಜ್ಜಿ ಕೆಲವು ದಿನ ಕೇಳಿಸಿಕೊಂಡು, ಒಂದು ಸಂಜೆ ಹತ್ತಿರ ಬಂದಳು.

“ಯಾವ ದೇವರ ಜಪಾರಿ ಅಕ್ಕೋರ ಅದು?”

“ದೇವರದಲ್ಲ ಅಜ್ಜಿ. ಒಂದು ಸಂಖ್ಯೆ. ಭಾಗ ಹೋಗತೈತೋ ಇಲ್ಲೋ ನೋಡಾಕತ್ತೀನಿ.”

ಅಜ್ಜಿ ನನ್ನ ಮುಖವನ್ನೇ ನೋಡಿದಳು. “ಮಾತಾಡಾಕ ಯಾರೂ ಇಲ್ಲಂದ್ರ ನಮ್ಮ ಎಮ್ಮಿ ಐತಲ್ರಿ. ಅದು ತಲಿ ಆದ್ರೂ ಅಲ್ಲಾಡಸತೈತಿ.”

ಸಂತೋಷದ ಸುದ್ದಿ

ಸಾವಿರದೊಳಗಿನ ಅವಿಭಾಜ್ಯಗಳೆಲ್ಲ ಮುಗಿದವು. ಯಾವುದರಿಂದಲೂ ಭಾಗ ಹೋಗಲಿಲ್ಲ. ಸಾವಿರ ಸಾವಿರಲೆ ಹತ್ತು ಲಕ್ಷ, ಅದರಾಚೆ ನೋಡುವ ಕೆಲಸವಿಲ್ಲ. ಅಂದರೆ ಏಳಂಕಿಯ ಸಂಖ್ಯೆಗಳಲ್ಲಿ ಮೊಟ್ಟಮೊದಲ ಅವಿಭಾಜ್ಯ ಇದೇ! ಮರುದಿನ ಓಡುತ್ತಲೇ ಶಾಲೆಗೆ ಹೋಗಿ, “ಸರ್, ಸಂತೋಷದ ಸುದ್ದಿ! ಅಗದಿ ಖಾತ್ರಿ ಆತ್ರಿ!” ಅಂದೆ.

ಹೆಡ್‌ಮಾಸ್ತರು ಎದ್ದೇ ನಿಂತರು. ಜವಾನನನ್ನು ಕರೆದು, “ಚಾ ತಾ, ಪೇಡೆ ತಾ, ಓಡು!” ಎಂದು ನನ್ನ ಕಡೆ ತಿರುಗಿದರು. “ವರ ಯಾವೂರಾವ್ರಿ?”

“ವರ ಅಲ್ರಿ ಸರ್. ಹತ್ತು ಲಕ್ಷದ ಮೂರು. ಅದು ಅವಿಭಾಜ್ಯರಿ.”

ಅವರು ಕಿಟಕಿಯ ಬಳಿಗೆ ಹೋದರು. ಜವಾನನಿಗೆ ಕೂಗಿ ಹೇಳಿದರು: “ಲೇ, ಪೇಡೆ ಬ್ಯಾಡೋ. ಚಾ ಅಷ್ಟs ತಾ.”

ಕನ್ಯಾ ನೋಡಾಕ ಬಂದವರು

ಕಡೆಗೊಮ್ಮೆ ನಿಜವಾದ ವರನೇ ಬಂದ. ಕುಂದಗೋಳದ ನಮ್ಮಣ್ಣನ ಮನೆಗೆ. ಮಿಶ್ರಿಕೋಟಿ ಕಡೆಯ ಹುಡುಗ, ಜೊತೆಗೆ ಅವನ ತಾಯಿ. ಅವಲಕ್ಕಿ ಕೊಟ್ಟು ಕೂತೆ.

“ಒಬ್ಬರs ಇರ್ತೀರಂತ. ಸಂಜಿಮುಂದ ಏನ್ ಮಾಡ್ತೀರಿ?” ತಾಯಿ ಕೇಳಿದರು. ಕಸೂತಿ ಅಂತ ಹೇಳೆಂದು ಅತ್ತಿಗೆ ಮೊದಲೇ ಕಲಿಸಿದ್ದಳು.

ನಾನು, “ಭಾಗ ಮಾಡ್ತೀನ್ರಿ” ಅಂದೆ.

ಹುಡುಗ ತಲೆ ಎತ್ತಿ, “ಎಷ್ಟು ದೊಡ್ಡ ಸಂಖ್ಯೆರಿ?” ಅಂದ. ಹಾಗೆ ಕೇಳಿದವನು ಅವನೊಬ್ಬನೇ. ನನಗೆ ಮೈಮೇಲಿನ ಎಚ್ಚರ ತಪ್ಪಿತು. ಅಣ್ಣ ಕಣ್ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ. “ಹತ್ತು ಲಕ್ಷದ ಮೂರು! ಎಷ್ಟs ದೊಡ್ಡದಿರಲ್ರಿ, ಒಂದೊಂದs ಹಚ್ಚಿ ನೋಡ್ತೀನಿ. ಭಾಗ ಆಗೂತನಾ ಬಿಡೂದಿಲ್ಲ!”

ತಾಯಿ ಅವಲಕ್ಕಿ ಬಶಿ ಕೆಳಗಿಟ್ಟರು. “ಏಳೋ ತಮ್ಮಾ. ನಮ್ಮದು ಐದು ಮಂದಿ ಅಣ್ಣತಮ್ಮರು ಕೂಡಿದ ಮನಿ. ಇವರು ಬಂದ್ರ ಕಡೀಕ ಶೇಷ ಉಳಿಯಾಕಿ ನಾನು!”

ಅಣ್ಣನೂ ನಕ್ಕುಬಿಟ್ಟ, ನಾನೂ ನಕ್ಕೆ. ತಾಯಿ ಆಗಲೇ ಓಣಿಗೆ ಇಳಿದಿದ್ದರು. ಹುಡುಗ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳಿದ: “ಅದು ಕಡೀಕ ಭಾಗ ಹೋತೇನ್ರಿ?”

“ಇಲ್ರಿ.”

“ಛಲೋ ಆತು ಬಿಡ್ರಿ,” ಎಂದು ತಾಯಿಯ ಹಿಂದೆ ಹೋದ.