ತೇವದ ಕಡ್ಡಿ ಮತ್ತು ನೈರೋಬಿ

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತೆ. ಆ ಚಟ ಬೇರೆಯವರ ಮೇಲೆ ಚೆನ್ನಾಗಿ ನಡೆಯುತ್ತದೆ, ನನ್ನ ಮೇಲೆ ಮಾತ್ರ ಸ್ವಲ್ಪ ತಡವಾಗಿ.

ಬಟವಾಡಿ ಬಡಾವಣೆಯ ಕ್ಲಿನಿಕ್ಕೊಂದರ ಮೇಲಿನ ಎರಡು ಕೋಣೆಯೇ ನಮ್ಮ ಕಂಪನಿ. ಗೆಳೆಯ ಮಂಜ ಮತ್ತು ನಾನು ಮಾಲೀಕರು. ನಮ್ಮ ಸರಕು ಒಂದು ಕಡ್ಡಿ. ಮಣ್ಣಿನಲ್ಲಿ ನೆಟ್ಟರೆ ಎಷ್ಟು ತೇವವಿದೆಯೆಂದು ಫೋನಿಗೆ ತಿಳಿಸುತ್ತದೆ. ನೈರೋಬಿಯಲ್ಲಿರುವ ನಮ್ಮಂಥದೇ ಪುಟ್ಟ ಕಂಪನಿ, ಜೊತೆಗೂಡಿ ಅಲ್ಲಿ ಮಾರೋಣವೆಂದಿತು. ಅವರಿಗೆ ರೈತರು ಗೊತ್ತು, ನಮಗೆ ಕಡ್ಡಿ ಗೊತ್ತು. ಅಂದಿನಿಂದ ಕಿಟಕಿಯಾಚೆ ಸಿಟಿ ಬಸ್ಸು ಹೊರಟರೂ ನನ್ನ ಕಣ್ಣಿಗೆ ಹಡಗು ತೇಲಿಹೋದಂತೆ ಕಾಣುತ್ತಿತ್ತು. ನೈರೋಬಿಯವರು ಮಾರುಹೋದದ್ದು, ವರ್ಷದ ಹಿಂದೆ ಪರೀಕ್ಷೆಗೆಂದು ನಾವು ಕಡ್ಡಿ ನೆಟ್ಟಿದ್ದ ಕಡಬ ಊರಿನ ಲಕ್ಕಮ್ಮನವರ ತೆಂಗಿನ ತೋಟದ ಗ್ರಾಫಿಗೆ. ಕಡುಬೇಸಿಗೆಯಲ್ಲೂ ದಿನಾ ಬೆಳಗ್ಗೆ ಆರಕ್ಕೆ ಮಣ್ಣು ತೇವವಾಗುತ್ತಿತ್ತು! ಅದು ತೆಂಗಿನ ಬೇರು ಉಸಿರಾಡುವ ಹೊತ್ತೆಂದು ನಾನು ಎರಡು ಪುಟ ಬರೆದು ಕಳಿಸಿದ್ದೆ. ಆ ಉಸಿರನ್ನು ಕಣ್ಣಾರೆ ಕಂಡು ಒಪ್ಪಂದಕ್ಕೆ ಸಹಿ ಹಾಕಲು ಅವರ ಮುಖ್ಯಸ್ಥೆ ವಂಜಿರು ಬಂದೇಬಿಟ್ಟರು.

ತೋಟದಲ್ಲಿ ಕೆರೆಯ ಗಾಳಿ, ಗರಿಗಳ ಮರ್ಮರ. ಕಡ್ಡಿ ಯಾವ ಮರದ ಬುಡದಲ್ಲಿತ್ತೋ ನೆನಪಾಗಲಿಲ್ಲ.

"ಏನ್ಲಾ, ನೆಟ್ಟೋನು ನೀನೇ ಅಲ್ವೇನೋ?" ಎಂದ ಮಂಜ.

"ಮೂರನೇ ಸಾಲು," ಎಂದೆ ಧೈರ್ಯವಾಗಿ. ಮೂರನೇ ಸಾಲಿನಲ್ಲಿರಲಿಲ್ಲ.

"ಅಲ್ಲೆಲ್ಲೈತೆ? ಬಚ್ಚಲ ಹಿಂದೈತೆ ಬನ್ನಿ," ಎಂದರು ಲಕ್ಕಮ್ಮ. "ನಮ್ಮೆಜಮಾನ್ರು ಆರ್ ಗಂಟೆಗೆ ನೀರು ಹುಯ್ಕೋತಾರೆ. ನಿಮ್ ಕಡ್ಡೀನೂ ಹೊಟ್ಟೆ ತುಂಬ ಕುಡೀತೈತೆ ಬುಡಿ."

ಮಂಜ ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ವಂಜಿರು ಅವರ ಕೈಯಲ್ಲಿದ್ದ ಪೆನ್ನು ಚೀಲದೊಳಕ್ಕೆ ಹೋಯಿತು. "ನೀವ್ಯಾಕೆ ಕಿತ್ತು ಇಲ್ಲಿ ನೆಟ್ರಿ?" ಎಂದು ಲಕ್ಕಮ್ಮನವರ ಮೇಲೆ ಹರಿಹಾಯ್ದೆ.

"ನಾನ್ಯಾಕಪ್ಪ ಮುಟ್ಲಿ? ತೋಟದ ನೆಲ ಕಲ್ಲಾಗೈತೆ, ಇಲ್ಲಿ ಮೆತ್ತಗೈತೆ ಅಂದೋರು ನೀವೇ," ಎನ್ನುತ್ತ ಅವರು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಬಚ್ಚಲ ಮೋರಿಯ ಪಕ್ಕ ಕಡ್ಡಿ ಹಿಡಿದು ಹಲ್ಲು ಕಿರಿಯುತ್ತಿದ್ದ ಮನುಷ್ಯ ನಾನೇ. ಅನುಮಾನಿಸೋಣವೆಂದರೆ ಅಂಗಿಯೂ ನನ್ನದೇ, ಈ ಭೇಟಿಗೂ ಅದನ್ನೇ ಹಾಕಿಕೊಂಡು ಬಂದಿದ್ದೆ.

ವಂಜಿರು ಫೋಟೋ ನೋಡಿದರು, ಅಂಗಿ ನೋಡಿದರು, ಜಗಲಿಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಡ್ಡಿ ವರ್ಷವಿಡೀ ಯಜಮಾನರ ಒಂದು ಸ್ನಾನವನ್ನೂ ಅಳೆಯದೆ ಬಿಟ್ಟಿಲ್ಲ, ಸುಳ್ಳು ಹೇಳಿದ್ದು ಆ ಎರಡು ಪುಟ ಮಾತ್ರ ಎಂದರು. ಪೆನ್ನು ಮತ್ತೆ ಹೊರಬಂತು. ಸಹಿಗೆ ಮೊದಲು ಒಂದು ಸಾಲು ಸೇರಿಸಿದರು: ನೆಡುವ ಕೆಲಸ ನೈರೋಬಿಯವರದು, ನಾನು ಮಣ್ಣು ಮುಟ್ಟುವಂತಿಲ್ಲ.

ಕಡ್ಡಿಗಳೀಗ ನೈರೋಬಿಗೆ ಹೋಗುತ್ತಿವೆ. ನಾನು ಬಟವಾಡಿಯ ಕಿಟಕಿಯಲ್ಲಿ ಕೂತು ಬಸ್ಸು ನೋಡುತ್ತೇನೆ. ಒಪ್ಪಂದದ ಆ ಸಾಲಿಗೆ ಎಲ್ಲರಿಗಿಂತ ಮೊದಲು ಒಪ್ಪಿ ತಲೆಯಾಡಿಸಿದವನು ನಾನೇ ಎಂದು ಮಂಜ ಹೇಳುತ್ತಾನೆ. ನನಗೆ ನೆನಪಿಲ್ಲ, ಅದಕ್ಕೂ ಫೋಟೋ ಇದೆಯೇ ಎಂದು ಕೇಳಲು ಮಾತ್ರ ಧೈರ್ಯವಿಲ್ಲ.