ಒಂದು ಮೊರ ಜೋಳಕ್ಕೆ ಮಾರಿದ ಮಗಳು

ಮಾರುತೇಶನ ಗ್ರಹಚಾರಕ್ಕೆಲ್ಲ ಕಾರಣ ಒಂದು ಮೊರ ಜೋಳ. ಅವನಿಗೆ ಮಗಳು ಹುಟ್ಟಿದಾಗ ನಕ್ಷತ್ರ ನೋಡಿದ ಮೆಟ್ರಿ ಊರಿನ ಅಯ್ಯನವರು, "ಕೂಸು ಚಲೋ ಐತಿ, ಅಪ್ಪಗ ಮಾತ್ರ ಆಗಿಬರಂಗಿಲ್ಲ" ಅಂದುಬಿಟ್ಟಿದ್ದರು. ಮಾರುತೇಶನ ತಾಯಿ ಪಂಪಾವತಿ ಅವತ್ತೇ ಕೂಸನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ಹುಸೇನಮ್ಮನಿಗೆ ಮಾರಿದಳು. ಹುಸೇನಮ್ಮ ಅದೇ ಮೊರದ ತುಂಬ ಜೋಳ ಕೊಟ್ಟು ಕೊಂಡಳು. ಕೊಂಡ ಕೂಸನ್ನು "ನನ್ನ ಮಗಳನ್ನ ಸಾಕಿ ಕೊಡ್ರಿ" ಎಂದು ಪಂಪಾವತಿಯ ಮಡಿಲಿಗೇ ತಿರುಗಿ ಹಾಕಿದಳು. ಜೋಳ ರೊಟ್ಟಿಯಾಯಿತು, ನಕ್ಷತ್ರಕ್ಕೆ ಮಂಕುಬೂದಿ ಎರಚಿದ್ದಾಯಿತು. ಅಂದಿನಿಂದ ಓಣಿಯಲ್ಲಿ ಯಾರನ್ನು ಕೇಳಿದರೂ ಶಿಲ್ಪಶ್ರೀ ಹುಸೇನಮ್ಮನ ಮಗಳು. ಮಾರುತೇಶನ ಮಗಳು ಅಂದವರನ್ನು ಪಂಪಾವತಿ ಏಳು ತಲೆಮಾರು ಸಮೇತ ಬಯ್ಯುತ್ತಿದ್ದಳು.

ಇಂಥ ಮುದುಕಿ ಜನನ ನೋಂದಣಿ ಮಾಡಿಸಲು ಬಿಟ್ಟಾಳೆಯೇ? "ಸರಕಾರದ ಪುಸ್ತಕದಾಗ ಅಪ್ಪ ಅಂತ ನಿನ್ನ ಹೆಸರು ಬರೆಸಿದ್ರ ಶನಿಗೆ ನಾವ ಮನಿ ವಿಳಾಸ ಕೊಟ್ಟಂಗ" ಎಂದಳು. ಹೆರಿಗೆ ಮನೆಯಲ್ಲೇ ಆಗಿದ್ದರಿಂದ ಆಸ್ಪತ್ರೆಯವರೂ ಬರೆದುಕೊಂಡಿರಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದ ಮಾರುತೇಶ ಕುದಿಯುವ ಉಕ್ಕಿನ ಎದುರು ಎಂಟು ತಾಸು ನಿಲ್ಲಬಲ್ಲ, ತಾಯಿಯ ಎದುರು ಎರಡು ನಿಮಿಷ ನಿಲ್ಲಲಾರ. ಸುಮ್ಮನಾದ.

ಈಗ ಮಗಳಿಗೆ ಕಂಪ್ಲಿಯ ಒಳ್ಳೆಯ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ವಾರದೊಳಗೆ ಜನನ ಪ್ರಮಾಣಪತ್ರ ಕೊಡದಿದ್ದರೆ ಸೀಟು ಬೇರೆಯವರ ಪಾಲು. ವರ್ಷ ದಾಟಿದ ಜನನವನ್ನು ಬರೆಸಬೇಕೆಂದರೆ ಮೇಲಿನ ಸಾಹೇಬರ ಆದೇಶ ಬೇಕು, ಅದಕ್ಕೂ ಮೊದಲು ಓಣಿಗೆ ಬಂದು ವಿಚಾರಣೆ ಮಾಡಬೇಕು. ಹಾಗಾಗಿ ಆ ಬೆಳಿಗ್ಗೆ ಗ್ರಾಮ ಆಡಳಿತಾಧಿಕಾರಿ ಶ್ರೀಪತಿ ಬೈಕಿನಲ್ಲಿ ಬಂದಿಳಿದರು.

ಮಾರುತೇಶ ಶಿಫ್ಟು ತಪ್ಪಿಸಿ, ಅಂಗಿಗೆ ಇಸ್ತ್ರಿ ಹಾಕಿ, ತಾಯಿಯನ್ನು ಹುಲ್ಲು ತರಲು ಹೊಲಕ್ಕೆ ಅಟ್ಟಿ ಸಜ್ಜಾಗಿದ್ದ. ಇಷ್ಟು ಬುದ್ಧಿ ತನಗೆ ಎಲ್ಲಿಂದ ಬಂತೆಂದು ಅವನಿಗೇ ಆಶ್ಚರ್ಯವಾಗಿತ್ತು. ಓಣಿಯವರಿಗೊಂದು ಮಾತು ಹೇಳಿಡಬೇಕು ಅನ್ನುವುದು ಮಾತ್ರ ಆ ಬುದ್ಧಿಗೆ ಹೊಳೆದಿರಲಿಲ್ಲ.

ಶ್ರೀಪತಿ ಕುರ್ಚಿಯಲ್ಲಿ ಕುಳಿತು, ಎದುರುಮನೆಯ ಮುದುಕಿ ತಾಯಕ್ಕನನ್ನು ಕರೆದು ಕೇಳಿದರು, "ಈ ಹುಡುಗಿ ಯಾರ ಮಗಳವ್ವಾ?"

"ಹುಸೇನಮ್ಮನ ಮಗಳ್ರೀ."

ಮಾರುತೇಶ ನಡುವೆ ಬಾಯಿ ಹಾಕಿದ. "ತಾಯಕ್ಕಾ, ಸರಿಯಾಗಿ ಹೇಳು."

"ನೀ ಸುಮ್ಮಿರಪಾ. ನಿಮ್ಮವ್ವಗ ಮಾತು ಕೊಟ್ಟೀನಿ" ಎಂದು ತಾಯಕ್ಕ ಕಣ್ಣು ಮಿಟುಕಿಸಿದಳು.

ಕಿರಾಣಿ ಅಂಗಡಿಯ ಯಲ್ಲೇಶನೂ ಅದನ್ನೇ ಹೇಳಿದ. ಶ್ರೀಪತಿ ಹುಡುಗಿಯನ್ನೇ ಕೇಳಿದರು. ಅಜ್ಜಿ ಕಲಿಸಿದ ಪಾಠ ಒಪ್ಪಿಸಿ ಅಭ್ಯಾಸವಾಗಿದ್ದ ಶಿಲ್ಪಶ್ರೀ ಒಂದು ಕೈಯಲ್ಲಿ ಹೆತ್ತ ತಾಯಿಯ ಸೆರಗು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹುಸೇನಮ್ಮನನ್ನು ತೋರಿಸಿದಳು.

"ಅಲ್ರೀ, ಅವರ ಮಗಳು ನಿಮ್ಮ ಮನ್ಯಾಗ ಯಾಕದಾಳ?"

ಮಾರುತೇಶ ಬಾಯಿ ತೆರೆಯುವಷ್ಟರಲ್ಲಿ ಯಲ್ಲೇಶ ಸಹಾಯಕ್ಕೆ ಬಂದ. "ಮಾರಿದ್ರಲ್ರೀ! ಒಂದು ಮೊರ ಜೋಳಕ್ಕ. ಮಸ್ತ್ ಬಿಳಿಜೋಳರೀ, ಲುಕ್ಸಾನೇನಾಗಿಲ್ಲ."

ಶ್ರೀಪತಿ ಎದ್ದೇ ನಿಂತರು. "ಕೂಸು ಮಾರಿದ್ರಾ? ಜೈಲಾಗ್ತೈತಿ, ಗೊತ್ತೇನು? ದತ್ತು ಕೊಟ್ಟಿದ್ರ ರಿಜಿಸ್ಟರ್ ಆದ ದತ್ತುಪತ್ರ ತೋರಿಸ್ರಿ!"

ಹುಸೇನಮ್ಮ ಹೆದರಿ ಅಳತೊಡಗಿದಳು. "ಸಾಹೇಬ್ರ, ನಾ ಕೊಂಡಿದ್ದು ಖರೇ, ಆದ್ರ ಒಂದು ದಿನಾನೂ ಮನಿಗೆ ಒಯ್ದಿಲ್ರೀ!"

ಇದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಸಾಹೇಬರು ಪೊಲೀಸರಿಗೆ ಫೋನು ಮಾಡಲು ಮೊಬೈಲು ತೆಗೆದರು. ಮಾರುತೇಶ ಅವರ ಕೈ ಹಿಡಿದು, ನಕ್ಷತ್ರದಿಂದ ರೊಟ್ಟಿಯವರೆಗಿನ ಕತೆಯನ್ನು ಒಂದೇ ಉಸಿರಿನಲ್ಲಿ ಒದರಿದ. ಕೇಳುತ್ತ ಕೇಳುತ್ತ ಶ್ರೀಪತಿ ಮೆತ್ತಗಾಗಿ ಕುಳಿತರು.

"ಶಾಸ್ತ್ರ ಅಂತ ಮೊದಲ ಹೇಳಬಾರದಾ ಮಾರಾಯ್ರಾ? ನೋಡ್ರಿ, ಇನ್ನ ಮ್ಯಾಲ ನಾ ಏನು ಕೇಳಿದ್ರೂ ಎಲ್ಲಾರೂ ಖರೇನ ಹೇಳಬೇಕು. ಸುಳ್ಳು ಹೇಳಿದವರು ಒಳಗ ಹೋಗ್ತೀರಿ!"

ಒಳಗೆ ಅನ್ನುವ ಮಾತು ಕೇಳಿದ್ದೇ ತಡ, ಓಣಿಗೆ ಓಣಿಯೇ ಹಾಡಿತು, "ಮಾರುತೇಶನ ಮಗಳ್ರೀ!"

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಪಂಪಾವತಿ ಬಂದಳು. "ಯಾರ್ಲೇ ಅದು, ನನ್ನ ಮಗನ ಆಯುಷ್ಯಕ್ಕ ಕೈ ಹಾಕಿದವರು?"

ಮಾರುತೇಶ ಜೀವಮಾನದಲ್ಲಿ ಮೊದಲ ಸಲ ತಾಯಿಗಿಂತ ದೊಡ್ಡ ದನಿ ತೆಗೆದ. "ಯವ್ವಾ, ಅಕಿ ನನ್ನ ಮಗಳು! ನಾ ನಾಳಿ ಸತ್ರೂ ನನ್ನ ಮಗಳ!"

ಆಕಾಶವೇನೂ ಬೀಳಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಂದ ಸಂತೋಷಕ್ಕೆ ಅವನ ಕಣ್ಣು ತುಂಬಿಬಂತು. ಸೀಟು ಸಿಕ್ಕೇಬಿಟ್ಟಿತು ಅಂದುಕೊಂಡ.

ಶ್ರೀಪತಿಯೂ ಖುಷಿಯಿಂದ ಬರೆಯತೊಡಗಿದರು. "ನಿಮ್ಮ ಹೆಸರು, ನಿಮ್ಮ ತಂದಿ ಹೆಸರು ಹೇಳ್ರಿ."

"ಮಾರುತೇಶ್. ತಂದೆ ದಿವಂಗತ ಗವಿಸಿದ್ದಪ್ಪ."

ಶ್ರೀಪತಿ ವಾಡಿಕೆಯಂತೆ ಸಾಕ್ಷಿಗಳ ಕಡೆ ತಿರುಗಿದರು. "ಹೌದೇನ್ರಿ?"

ಅಲ್ಲಿಯವರೆಗೆ ಬಾಯಿ ಮುಚ್ಚದಿದ್ದ ಓಣಿ ಪಂಪಾವತಿಯ ಮುಖ ನೋಡಿತು. ಯಲ್ಲೇಶ ಚರಂಡಿ ನೋಡತೊಡಗಿದ. ತಾಯಕ್ಕ ಕಚ್ಚಿಕೊಂಡಿದ್ದ ಸೆರಗಿನ ತುದಿ ಬಿಟ್ಟು ಕೈ ಮುಗಿದಳು.

"ಜೈಲಿಗೆ ಹಾಕಬ್ಯಾಡ್ರಿ ಸಾಹೇಬ್ರ, ಖರೇ ಹೇಳ್ತೀನಿ. ಇವನು ಚೋರನೂರಾಗ ಹುಟ್ಟಿದವ. ಗವಿಸಿದ್ದಪ್ಪಗ ಮಕ್ಕಳಿರಲಿಲ್ಲ. ಪಂಪಾವತಿ ತನ್ನ ತಂಗಿ ಕೂಸನ್ನ ತಂದು ಸಾಕಿದಳು. ಇವತ್ತಿನ ತನಕ ನಾವ್ಯಾರೂ ಬಾಯಿ ಬಿಟ್ಟಿರಲಿಲ್ರೀ."

ಮಾರುತೇಶ ಕಟ್ಟೆಯ ಮೇಲೆ ಕುಳಿತು ತಾಯಿಯ ಕಡೆ ತಿರುಗಿದ. "ಯವ್ವಾ?"

ಪಂಪಾವತಿ ಹೊರೆ ಕೆಳಗೆ ಹಾಕಿ ಅವನ ಪಕ್ಕದಲ್ಲಿ ಕುಳಿತಳು. "ಹೆತ್ತಿಲ್ಲ, ಅಷ್ಟ. ಹೇಳಿದ್ರ ನೀ ದೂರ ಆಗ್ತಿ ಅಂತ ಅಂಜಿದ್ದೆ. ತಂಗಿ ಕಾಲು ಹಿಡಿದು ತಂದ ಮಗನ್ನ ಒಂದು ನಕ್ಷತ್ರಕ್ಕ ಬಿಟ್ಟುಕೊಡ್ಲೇನು?"

ಮಾರುತೇಶನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ತಾಯಿಯನ್ನು ತಬ್ಬಿಕೊಂಡು ಎಳೆಗೂಸಿನಂತೆ ಅತ್ತ. ಓಣಿಯೆಲ್ಲ ಅತ್ತಿತು. ಶ್ರೀಪತಿ ಕನ್ನಡಕ ಒರೆಸಿಕೊಂಡರು. ಒರೆಸಿಕೊಂಡು, ಪೆನ್ನಿಗೆ ಮುಚ್ಚಳ ಹಾಕಿದರು.

"ದತ್ತುಪತ್ರ ಐತೇನಮ್ಮಾ?"

"ಎಲ್ಲಿ ಪತ್ರಪ್ಪಾ? ಅಕಿ ಕೊಟ್ಲು, ನಾ ಎತ್ಕೊಂಡೆ."

"ಹಂಗಾದ್ರ ಹುಡುಗಿ ಯಾರ ಮಗಳು ಅನ್ನೋದು ಬಗೆಹರೀತು. ಈಗ ನೀವು ಯಾರ ಮಗ ಅನ್ನೋದ ಸಮಸ್ಯಾ ಮಾರುತೇಶ್. ಹೊಸದಾಗಿ ದತ್ತು ಹೋಗಾಕ ನಿಮಗ ವಯಸ್ಸು ಮೀರೈತಿ. ಕೋರ್ಟಿನಾಗ ಹಳೇದನ್ನ ಸಾಬೀತು ಮಾಡಿ ತರ್ರಿ, ಆಮ್ಯಾಲ ಮಗಳದ್ದು ನೋಡೋಣು."

"ಸೀಟು ಈ ವಾರದಾಗ ಬೇಕಲ್ರೀ ಸಾರ್!"

"ಕೋರ್ಟಿಗೆ ವಾರ ಗೊತ್ತಿಲ್ರೀ, ವರ್ಷ ಅಷ್ಟ ಗೊತ್ತು" ಎಂದು ಶ್ರೀಪತಿ ಬೈಕು ಹತ್ತಿದರು.

ಖರೇ ಹೇಳಿದರೆ ಜೈಲಿಲ್ಲ ಎಂಬುದು ಅಷ್ಟರಲ್ಲಿ ತಾಯಕ್ಕನಿಗೆ ಖಾತ್ರಿಯಾಗಿತ್ತು. ಹೊಟ್ಟೆಯ ಭಾರ ಇಳಿಸಿದ ಹುರುಪಿನಲ್ಲಿ ಅವಳು ಬೈಕಿನ ಹತ್ತಿರ ಓಡಿಬಂದಳು. "ಸಾಹೇಬ್ರ, ಸ್ವಲ್ಪ ನಿಲ್ರಿ! ಇವನ ಹೆಂಡ್ತಿ ಕಡಿಯವರದೂ ಒಂದು ಖರೇ ಐತಿ..."

ಮಾರುತೇಶ ಕಣ್ಣೊರೆಸಿಕೊಂಡು ಎದ್ದು, ತಾನೇ ಬೈಕಿಗೆ ಕಿಕ್ ಹೊಡೆದು, ಅದು ಶುರುವಾಗುವ ತನಕವೂ ಕಾಯದೆ, ಸಾಹೇಬರನ್ನು ಹಿಂದಿನಿಂದ ನೂಕಿಕೊಂಡೇ ಊರು ದಾಟಿಸಿ ಬಂದ.